ಎನ್‌ಡಿಐಎಸ್ ಪ್ಲಾನ್ ಮುಗೀತಾ ಬಂತು, ಹತ್ತತ್ರ 18 ಸಾವಿರ ಡಾಲರ್ ಹಂಗೇ ಉಳಿದಿದೆ, ಏನ್ ಮಾಡ್ಲಿ?

ಟಾರ್ನೀಟ್ ಅಮ್ಮ · ಮಂಗಳವಾರ ರಾತ್ರಿ 10:40

ಎಲ್ರಿಗೂ ನಮಸ್ಕಾರ. ಮಗ ಮಲಗಿದ್ಮೇಲೆ ಬರೀತಿದೀನಿ, ತಪ್ಪುಗಳಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮಗನಿಗೆ 8 ವರ್ಷ, ಆಟಿಸಂ, ಮಾತು ಕಮ್ಮಿ. ಎನ್‌ಡಿಐಎಸ್ ಅಂದ್ರೆ ಇಲ್ಲಿ ಆಸ್ಟ್ರೇಲಿಯಾದಲ್ಲಿ ಅಂಗವಿಕಲರಿಗೆ ಸರ್ಕಾರ ನಡೆಸೋ ವಿಮೆ ಯೋಜನೆ, ಪ್ಲಾನ್ ಅಂದ್ರೆ ಅದ್ರಲ್ಲಿ ಒಬ್ಬೊಬ್ರಿಗೆ ಇಷ್ಟು ಅಂತ ಕೊಡೋ ಬಜೆಟ್. ಇದು ಅವನ ಎರಡನೇ ಪ್ಲಾನ್, 12 ತಿಂಗಳದ್ದು, ಮೇ ಕೊನೆಗೆ ಮುಗಿಯುತ್ತೆ, ಅಂದ್ರೆ ಇನ್ನು 10 ವಾರ. ಪ್ಲಾನ್ ಮ್ಯಾನೇಜರ್, ಅಂದ್ರೆ ನಮ್ಮ ಬಿಲ್ ಕಟ್ಟಿ ಲೆಕ್ಕ ಇಡೋರು, ತಿಂಗಳು ತಿಂಗಳು ಸ್ಟೇಟ್‌ಮೆಂಟ್ ಕಳಿಸ್ತಾರೆ, ನಾನು ಓಪನ್ ಮಾಡಿದ್ದೇ ಇವತ್ತು, ಬೈಬೇಡಿ. ನೋಡಿದ್ರೆ ಎದೆ ಧಸಕ್ ಅಂತು. ಕೆಪಾಸಿಟಿ ಬಿಲ್ಡಿಂಗ್‌ನಲ್ಲಿ, ಅಂದ್ರೆ ಕಲಿಕೆಗೆ ಅಂತ ಇರೋ ಭಾಗದಲ್ಲಿ, ಥೆರಪಿಗೆ ಅಂತ 15,519 ಡಾಲರ್ ಇತ್ತು, ಖರ್ಚಾಗಿರೋದು 6,207. ಕೋರ್‌ನಲ್ಲಿ, ಅಂದ್ರೆ ದಿನನಿತ್ಯದ ಸಹಾಯದ ಭಾಗದಲ್ಲಿ, ಸುಮಾರು 9,000, ಅದ್ರಲ್ಲಿ ರಾತ್ರಿ ನ್ಯಾಪಿಗೆ ಅಂತ 400 ಹೋಗಿದೆ ಅಷ್ಟೆ.

ಕಾರಣ ಇಲ್ಲದೇ ಇಲ್ಲ. ಸ್ಪೀಚ್ ಥೆರಪಿಸ್ಟ್ ಆಗಸ್ಟ್‌ನಲ್ಲಿ ಕ್ಲಿನಿಕ್ ಬಿಟ್ಟು ಹೋದ್ರು, ಬೇರೆಯವರ ವೇಟಿಂಗ್ ಲಿಸ್ಟ್‌ನಲ್ಲಿ ನಾಲ್ಕು ತಿಂಗಳು ಕೂತ್ವಿ. ಜೂನ್‌ನಿಂದ ಡಿಸೆಂಬರ್‌ವರೆಗೆ ನಮ್ಮಮ್ಮ ಇಲ್ಲೇ ಇದ್ರು, ಹಂಗಾಗಿ ಸಪೋರ್ಟ್ ವರ್ಕರ್ ಯಾಕೆ ಅಂತ ಯಾರನ್ನೂ ಇಟ್ಕೊಳ್ಳಲಿಲ್ಲ. ಆಮೇಲೆ ಅಪ್ಪಂಗೆ ಹುಷಾರಿಲ್ಲ ಅಂತ ಮೈಸೂರಿಗೆ ಹೋಗಿ 8 ವಾರ ಅಲ್ಲೇ ಆಯ್ತು.

ಈಗ ಪ್ರಶ್ನೆ. ಈ ದುಡ್ಡು ಮುಂದಿನ ಪ್ಲಾನ್‌ಗೆ ಸೇರುತ್ತಾ? ಉಳಿಸಿದ್ರೆ ಮುಂದಿನ ಸಲ ಕಟ್ ಮಾಡ್ತಾರೆ ಅಂತಾರಲ್ಲ ನಿಜಾನಾ? ಇನ್ನೊಂದು, ನಮ್ಮ ಕಡೆಯವರೇ ಒಬ್ರು ಪ್ರೊವೈಡರ್ ಬಿಸಿನೆಸ್, ಅಂದ್ರೆ ಎನ್‌ಡಿಐಎಸ್ ಸೇವೆ ಕೊಡೋ ಕೆಲಸ, ಮಾಡ್ತಾರೆ, ಪೂಜೆಯೊಂದ್ರಲ್ಲಿ ಪರಿಚಯ ಆದೋರು, ಅವ್ರು ಫೋನ್ ಮಾಡಿ "ಸುಮ್ನೆ ಲ್ಯಾಪ್ಸ್ ಆಗುತ್ತೆ ಕಣಮ್ಮ, ನಾವು ಈಗ್ಲೇ ಇನ್‌ವಾಯ್ಸ್ ಹಾಕ್ಬಿಡ್ತೀವಿ, ಅವರ್ಸ್ ನಿಧಾನಕ್ಕೆ ತಗೊಳ್ಳಿ" ಅಂದ್ರು. ಒಳ್ಳೆ ಮನಸಿಂದ್ಲೇ ಹೇಳಿದ್ರೇನೋ, ನಂಗ್ಯಾಕೋ ಕಸಿವಿಸಿ.

ಸುಮ್ನೆ ಕೇಳ್ದೆ · ಮಂಗಳವಾರ ರಾತ್ರಿ 11:05

ಅಯ್ಯೋ ಅದ್ರಲ್ಲೇನಿದೆ, ಎಲ್ರೂ ಮಾಡೋದೇ. ಅಡ್ವಾನ್ಸ್ ಕೊಟ್ಟಂಗೆ ಅಲ್ವಾ, ದುಡ್ಡು ಮಗೂಗೇ ತಾನೇ ಹೋಗೋದು. ಇಲ್ಲಾಂದ್ರೆ ಒಂದು ಐಪ್ಯಾಡ್ ತಗೊಳ್ಳಿ, ನಮ್ಮ ಫ್ರೆಂಡ್ 2022ರಲ್ಲಿ ತಗೊಂಡಿದ್ರು. ಸರ್ಕಾರದ ದುಡ್ಡು ವಾಪಸ್ ಕೊಟ್ಟು ನಮಗೇನು ಪದಕ ಸಿಗಲ್ಲ 😀

ಲೆಕ್ಕದ ಮನುಷ್ಯ · ಬುಧವಾರ ಬೆಳಗ್ಗೆ 6:15

ಮೇಡಂ, ಮೊದಲು ಆ ಇನ್‌ವಾಯ್ಸ್‌ಗೆ ಬೇಡ ಅಂತ ಇವತ್ತೇ ಹೇಳಿ, ಬಾಯಲ್ಲಿ ಅಲ್ಲ, ಮೆಸೇಜ್‌ನಲ್ಲಿ. ನಾನು ನಾಲ್ಕು ವರ್ಷ ಪ್ಲಾನ್ ಮ್ಯಾನೇಜ್‌ಮೆಂಟ್ ಕೆಲಸ ಮಾಡಿದೋನು, ಈಗ ಬಿಟ್ಟಿದೀನಿ. ಎನ್‌ಡಿಐಎಸ್‌ನಲ್ಲಿ ಕ್ಲೇಮ್ ಅಂದ್ರೆ ಆಗಿಹೋದ ಸೇವೆಗೆ. ಇನ್ನೂ ಕೊಡದೇ ಇರೋ ಗಂಟೆಗೆ ಬಿಲ್ ಹಾಕಿದ್ರೆ ಅದು ಅಡ್ವಾನ್ಸ್ ಅಲ್ಲ, ಸುಳ್ಳು ಕ್ಲೇಮ್. ನಾಳೆ ತನಿಖೆ ಅಂತ ಬಂದ್ರೆ ಪ್ರೊವೈಡರ್ ಒಬ್ರೇ ಅಲ್ಲ, ಒಪ್ಪಿಗೆ ಕೊಟ್ಟ ನೀವೂ ಉತ್ತರ ಹೇಳ್ಬೇಕಾಗುತ್ತೆ, ದುಡ್ಡು ಸಾಲ ಅಂತ ನಿಮ್ಮ ಮೇಲೆ ಬರೋದೂ ಉಂಟು. 2022ರಿಂದ ಇಂಥ ವಂಚನೆ ಹಿಡಿಯೋಕೆ ಫ್ರಾಡ್ ಫ್ಯೂಷನ್ ಟಾಸ್ಕ್‌ಫೋರ್ಸ್ ಅಂತ ಒಂದಿದೆ, ಸುಮ್ನೆ ಹೆಸರಿಗೆ ಇರೋದಲ್ಲ ಅದು.

ಐಪ್ಯಾಡ್ ಕಥೆ ಹಳೇದಾಯ್ತು ಸರ್. 2024ರ ಅಕ್ಟೋಬರ್ 3ರಿಂದ ಕಾನೂನು ಬದಲಾಗಿದೆ, ಏನು ಎನ್‌ಡಿಐಎಸ್ ಸಪೋರ್ಟ್ ಏನು ಅಲ್ಲ ಅಂತ ಪಟ್ಟಿಯೇ ಬಂತು. ಫೋನು ಟ್ಯಾಬ್ಲೆಟ್ಟು ಅಲ್ಲ ಅನ್ನೋ ಪಟ್ಟಿಯಲ್ಲಿವೆ. ಮಾತಾಡೋಕೆ ಅದೇ ಸಾಧನ ಅನ್ನೋ ಮಕ್ಕಳಿಗೆ ರಿಪ್ಲೇಸ್‌ಮೆಂಟ್ ಸಪೋರ್ಟ್, ಅಂದ್ರೆ ಇನ್ನೊಂದು ಸಪೋರ್ಟ್ ಬದಲಿಗೆ ಇದು, ಅಂತ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ತಗೋಬಹುದು, ಆದ್ರೆ ದುಡ್ಡು ಉಳಿದಿದೆ ಅನ್ನೋದು ಕಾರಣ ಆಗಲ್ಲ.

ಇನ್ನು ನಿಮ್ಮ ಪ್ರಶ್ನೆಗೆ. ಸೇರಲ್ಲ. ಹಳೇ ಪ್ಲಾನ್‌ನಲ್ಲಿ ಉಳಿದಿದ್ದು ಹೊಸ ಪ್ಲಾನ್‌ಗೆ ಬರಲ್ಲ, ಹೊಸದು ಸೊನ್ನೆಯಿಂದ ಶುರು. ಜನ ಇಲ್ಲೇ ಗೊಂದಲ ಮಾಡ್ಕೊಳ್ಳೋದು, ಯಾಕಂದ್ರೆ 2025ರ ಮೇ 19ರಿಂದ ಫಂಡಿಂಗ್ ಪೀರಿಯಡ್ ಅಂತ ಬಂದಿದೆ. ವರ್ಷದ ದುಡ್ಡು ಒಟ್ಟಿಗೆ ಬಿಡದೆ ಸಾಮಾನ್ಯವಾಗಿ ಮೂರು ಮೂರು ತಿಂಗಳಿಗೆ ಬಿಡ್ತಾರೆ. ಒಂದು ಕಂತಲ್ಲಿ ಉಳಿದಿದ್ದು ಅದೇ ಪ್ಲಾನ್ ಒಳಗಿನ ಮುಂದಿನ ಕಂತಿಗೆ ಹೋಗುತ್ತೆ. ಅದನ್ನ ಕೇಳ್ಕೊಂಡು ಪ್ಲಾನಿಂದ ಪ್ಲಾನಿಗೂ ಹೋಗುತ್ತೆ ಅಂದ್ಕೊಂಡಿದಾರೆ.

ಕೋರ್ ಒಳಗಡೆ ಅಲ್ಲಿಂದಿಲ್ಲಿಗೆ ಬಳಸೋಕೆ ಜಾಸ್ತಿ ಸ್ವಾತಂತ್ರ್ಯ ಇದೆ. ಆದ್ರೆ ಥೆರಪಿ ದುಡ್ಡು ತೆಗೆದು ಸಪೋರ್ಟ್ ವರ್ಕರ್‌ಗೆ ಕೊಡೋಕಾಗಲ್ಲ. ಅಂದ್ರೆ ನಿಮ್ಮ 18 ಸಾವಿರ ಒಂದು ದುಡ್ಡಲ್ಲ, ಬೀಗ ಹಾಕಿರೋ ಎರಡು ಡಬ್ಬಿ. ಅದೂ ನಿಮ್ಮ ಉಳಿತಾಯ ಖಾತೆ ಅಲ್ಲ, ಇಷ್ಟರವರೆಗೆ ಕ್ಲೇಮ್ ಮಾಡಬಹುದು ಅನ್ನೋ ಮಿತಿ. ಬಳಸದೇ ಇದ್ರೆ ನಿಮ್ಮ ಕೈಯಿಂದ ಏನೂ ಹೋಗಿಲ್ಲ, ನಿದ್ದೆ ಕೆಡಿಸ್ಕೋಬೇಡಿ.

ಟಾರ್ನೀಟ್ ಅಮ್ಮ · ಬುಧವಾರ ಬೆಳಗ್ಗೆ 8:50

ಥ್ಯಾಂಕ್ಯೂ ಸರ್. ಮೆಸೇಜ್ ಹಾಕಿದೆ ಅವ್ರಿಗೆ. "ನಿಮ್ಮಿಷ್ಟ" ಅಂತ ಒಂದೇ ಪದ ಬಂತು, ಇನ್ನು ಹಬ್ಬಕ್ಕೆ ಸಿಕ್ಕಿದ್ರೆ ಮುಖ ತಿರುಗಿಸ್ತಾರೇನೋ.

ಕುಡ್ಲದ ಓಟಿ · ಬುಧವಾರ ಮಧ್ಯಾಹ್ನ 1:20

ಊಟದ ಟೈಮಲ್ಲಿ ಬರೆಯುವುದು, ಅರ್ಧಕ್ಕೆ ನಿಂತರೆ ಕ್ಷಮಿಸಿ. ನಾನು ಅಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಓಟಿ, ದಿನನಿತ್ಯದ ಕೆಲಸ ಕಲಿಸುವ ಥೆರಪಿ, ಮಕ್ಕಳ ಜೊತೆಯೇ ಕೆಲಸ. ಪ್ರತಿ ವರ್ಷ ಏಪ್ರಿಲ್ ಮೇಯಲ್ಲಿ ಇಂಥಾ ಫೋನುಗಳು ಬರುತ್ತವೆ ಮಾರಾಯ್ರೆ, "ಮೇಡಂ ವಾರಕ್ಕೆ ನಾಲ್ಕು ಸೆಷನ್ ಕೊಡಿ, ದುಡ್ಡುಂಟು" ಅಂತ. ಅಕ್ಕ, ನಿಮ್ಮ ಲೆಕ್ಕ ನಾನು ಹಾಕಿದೆ. ಗಂಟೆಗೆ 193.99ರಂತೆ ನಿಮಗೆ 80 ಗಂಟೆ ಕೊಟ್ಟಿದ್ದರು, 32 ಆಗಿದೆ, 48 ಉಳಿದಿದೆ. 10 ವಾರಕ್ಕೆ 48 ಗಂಟೆ ಅಂದರೆ ವಾರಕ್ಕೆ ಹತ್ತಿರ ಹತ್ತಿರ 5 ಗಂಟೆ. ಸ್ಕೂಲು ಮುಗಿಸಿ ಬಂದ 8 ವರ್ಷದ ಮಗುವನ್ನು ವಾರಕ್ಕೆ 5 ಗಂಟೆ ಥೆರಪಿ ರೂಮಲ್ಲಿ ಕೂರಿಸುವುದು ಯಾರ ಉಪಕಾರಕ್ಕೆ? ಮಗು ಥೆರಪಿಯನ್ನೇ ದ್ವೇಷ ಮಾಡ್ಲಿಕ್ಕೆ ಶುರು ಮಾಡುತ್ತದೆ, ಆಮೇಲೆ ಆ ಬಾಗಿಲು ತೆರೆಯುವುದು ಭಾರಿ ಕಷ್ಟ.

ನನ್ನ ಮಾತು ಕೇಳಿದರೆ ಮೊದಲು ರಿಪೋರ್ಟಿಗೆ ಗಂಟೆ ತೆಗೆದಿಡಿ. ಪ್ಲಾನ್ ಮರುಪರಿಶೀಲನೆಗೆ ಮುಂಚೆ ಸ್ಪೀಚ್‌ನವರದ್ದೊಂದು ಓಟಿಯದ್ದೊಂದು ಪ್ರೋಗ್ರೆಸ್ ರಿಪೋರ್ಟ್ ಬೇಕೇ ಬೇಕು, ಬರೆಯುವ ಸಮಯವೂ ಅದೇ ರೇಟಲ್ಲಿ ಬಿಲ್ ಆಗುತ್ತದೆ. ಎಷ್ಟೋ ಜನರಿಗೆ ದುಡ್ಡು ಖಾಲಿಯಾಗಿ ರಿಪೋರ್ಟಿಗೆ ಗಂಟೆ ಇರುವುದಿಲ್ಲ, ನಿಮ್ಮದು ಉಲ್ಟಾ, ಅದು ಒಳ್ಳೆಯದೇ. ಆ ಮರುಪರಿಶೀಲನೆ ಸಭೆಗೆ ಎರಡು ದಿನ ಇರುವಾಗ ಕೇಳಬೇಡಿ, ಈಗಲೇ ಕೇಳಿ, ನಮಗೂ ಮನೆ ಮಠ ಉಂಟು.

ಮತ್ತೆ ಸ್ಪೀಚ್ ವಾರಕ್ಕೆ ಒಂದು, ಓಟಿ ವಾರಕ್ಕೆ ಒಂದು. ಒಂದೆರಡು ಗಂಟೆ ನಿಮಗೇ ತರಬೇತಿಗೆ ಇಟ್ಟುಕೊಳ್ಳಿ, ಪೇರೆಂಟ್ ಕೋಚಿಂಗ್ ಅಂತ, ಮಗು ಇಲ್ಲದೆ ನೀವು ಮತ್ತು ಥೆರಪಿಸ್ಟ್ ಮಾತ್ರ. ಊಟದ ಟೇಬಲಲ್ಲಿ ಏನು ಮಾಡಬೇಕು, ಶೂ ಹಾಕುವಾಗ ಏನು ಹೇಳಬೇಕು ಅಂತ. ಅಭ್ಯಾಸಕ್ಕೆ ಮಾತ್ರ ಬೇಕಾದ ಸೆಷನ್ ಇದ್ದರೆ ಥೆರಪಿ ಅಸಿಸ್ಟೆಂಟ್ ಕೇಳಿ, ಲೆವೆಲ್ 2ಕ್ಕೆ ಗಂಟೆಗೆ 86.79, ಅರ್ಧಕ್ಕಿಂತ ಕಮ್ಮಿ. ಇದು ಮುಂದಿನ ಪ್ಲಾನಿಗೂ ನೆನಪಿರಲಿ, ಗಂಟೆ ಕಮ್ಮಿ ಬಂದರೆ ಎಳೆಯಲಿಕ್ಕೆ ಆಗುತ್ತದೆ.

ಎಷ್ಟು ಮಾಡಿದರೂ 15, 20 ಗಂಟೆ ಉಳಿಯುತ್ತದೆ. ಉಳಿಯಲಿ.

ಟಾರ್ನೀಟ್ ಅಮ್ಮ · ಬುಧವಾರ ರಾತ್ರಿ 9:30

ನೀವು ಹೇಳಿದ್ದು ಓದಿ ನಗು ಬಂತು, ಯಾಕಂದ್ರೆ ಹೊಸ ಸ್ಪೀಚ್ ಥೆರಪಿಸ್ಟ್ ಹತ್ರ ಹೋದ ವಾರ ಒಂದು ಗಂಟೆ ಮೇಲೆ ಹತ್ತು ನಿಮಿಷ ಆಗ್ತಿದ್ದಂಗೆ ಇವನು "ಸಾಕು" ಅಂದ. ಕನ್ನಡದಲ್ಲಿ! ಆ ಹುಡುಗಿ ವಿಯೆಟ್ನಾಂ ಮೂಲದೋಳು, ಏನು ಹೇಳ್ದ ಅಂತ ಕೇಳಿ ನೋಟ್ಸಲ್ಲಿ ಬರ್ಕೊಂಡ್ಳು. ಮೈಸೂರಲ್ಲಿದ್ದಾಗ ಮಾನಸಗಂಗೋತ್ರಿಯ ಆಯಿಶ್ ಅನ್ನೋ ವಾಕ್ ಶ್ರವಣ ಸಂಸ್ಥೆಯಲ್ಲಿ ನಮ್ಮ ಕೈಯಿಂದ ದುಡ್ಡು ಕಟ್ಟಿ ಕೆಲವು ಸೆಷನ್ ಕನ್ನಡದಲ್ಲೇ ಮಾಡಿಸಿದ್ವಿ, ಬೇಡ, ಬೇಕು, ಸಾಕು, ಮೂರು ಪದ ಅಲ್ಲಿಂದ ಬಂದಿದ್ದು. ಇಲ್ಲಿ ಮೊದಲು ಯಾರೋ ಮನೇಲಿ ಇಂಗ್ಲಿಷ್ ಮಾತ್ರ ಮಾತಾಡಿ ಅಂದಿದ್ರು, ಎರಡು ವರ್ಷ ಅಮ್ಮನ ಬಾಯಿ ಕಟ್ಟಿದ್ವಿ.

ಅಂದ ಹಾಗೆ ಇಂಡಿಯಾಕ್ಕೆ ಹೋಗಿದ್ದನ್ನ ಎನ್‌ಡಿಐಎಗೆ, ಅಂದ್ರೆ ಎನ್‌ಡಿಐಎಸ್ ನಡೆಸೋ ಸಂಸ್ಥೆಗೆ, ಹೇಳಿಲ್ಲ, ಹೇಳ್ಬೇಕಿತ್ತಾ?

ಲೆಕ್ಕದ ಮನುಷ್ಯ · ಬುಧವಾರ ರಾತ್ರಿ 10:10

ಹೇಳ್ಬೇಕಿತ್ತು ಮೇಡಂ. ಆಸ್ಟ್ರೇಲಿಯಾ ಬಿಟ್ಟು 6 ವಾರದವರೆಗೆ ಪ್ಲಾನ್ ಚಾಲ್ತಿಯಲ್ಲಿರುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಮೊದಲೇ ಕೇಳಿ ಅವಧಿ ಹೆಚ್ಚಿಸ್ಕೋಬೇಕು, ಇಲ್ಲಾಂದ್ರೆ ವಾಪಸ್ ಬರೋವರೆಗೆ ಪ್ಲಾನ್ ಅಮಾನತು. ನಮ್ಮೋರು ಎಲ್ರೂ ಇಲ್ಲಿ ಸಿಕ್ಕಿಹಾಕ್ಕೊಳ್ತಾರೆ, ಒಂದು ಮದುವೆ ಒಂದು ಗೃಹಪ್ರವೇಶ ಅಂದ್ರೇ 6 ವಾರ ದಾಟುತ್ತೆ. ಕೊನೇ ಎರಡು ವಾರದಲ್ಲಿ ನಿಮ್ಮ ಹೆಸರಲ್ಲಿ ಏನಾದ್ರೂ ಕ್ಲೇಮ್ ಆಗಿದ್ಯಾ ಅಂತ ಸ್ಟೇಟ್‌ಮೆಂಟ್‌ನಲ್ಲಿ ನೋಡಿ. ಆಗಿಲ್ಲಾಂದ್ರೆ ತಲೆನೋವಿಲ್ಲ, ಸಭೆಯಲ್ಲಿ ನೀವೇ ಮೊದಲು ಹೇಳಿಬಿಡಿ, ಅಪ್ಪನ ಆಸ್ಪತ್ರೆ ಕಾಗದ ಇದ್ರೆ ಜೊತೆಗಿಟ್ಕೊಳ್ಳಿ. ಖರ್ಚು ಯಾಕೆ ಕಮ್ಮಿ ಅನ್ನೋದಕ್ಕೂ ಅದು ಒಂದು ಉತ್ತರ ಆಗುತ್ತೆ.

ಹುಬ್ಬಳ್ಳಿಯಿಂದ ಬ್ಲ್ಯಾಕ್‌ಟೌನಿಗೆ · ಗುರುವಾರ ಬೆಳಗ್ಗೆ 5:45

ನಮಸ್ಕಾರ್ರೀ. ನಂದು ಬ್ಯಾರೆ ಕಥಿ ಐತಿ, ಮಗು ಅಲ್ಲ, ನನ್ನ ಹೆಂಡ್ತಿಗೆ ಎಂಎಸ್, ಅಂದ್ರ ಮಲ್ಟಿಪಲ್ ಸ್ಕ್ಲೆರೋಸಿಸ್, ವಯಸ್ಸು 41. ಮೂರು ಪ್ಲಾನ್ ನೋಡೇವಿ. ಸೆಲ್ಫ್ ಮ್ಯಾನೇಜ್, ಅಂದ್ರ ಪ್ಲಾನಿನ ರೊಕ್ಕದ ಲೆಕ್ಕ ನಾವ ನೋಡ್ಕೊಳ್ಳೂದು, ನಾನ ಮಾಡ್ತೇನಿ, ಬ್ಯಾರೆ ಬ್ಯಾಂಕ್ ಅಕೌಂಟ್ ಇಟ್ಟೇನಿ, ರಸೀದಿ ಎಲ್ಲಾ 5 ವರ್ಷ ಇಡಬೇಕ್ರಿ ಅದು ನೆನಪಿರ್ಲಿ.

ಎಂಎಸ್ ಅಂದ್ರ ಹೆಂಗಪಾ ಅಂದ್ರ ಒಂದು ತಿಂಗಳು ಆರಾಮ ಇರ್ತಾಳ, ತಾನ ಅಡಗಿ ಮಾಡ್ತಾಳ, ವರ್ಕರ್ ಬ್ಯಾಡ ಅಂತಾಳ. ಜನವರಿ ಬಿಸಿಲು ಬಿತ್ತಂದ್ರ ಹಾಸಿಗಿ ಬಿಟ್ಟು ಏಳಾಕ ಆಗಂಗಿಲ್ಲ. ಮೊದಲನೇ ಪ್ಲಾನಿನ್ಯಾಗ ಕೋರ್ ರೊಕ್ಕ ಅರ್ಧ ಉಳೀತು. ಸಭಾದಾಗ ಕೇಳಿದ್ರು ಯಾಕ ಉಳೀತು ಅಂತ. ನಾ ಹುಂಬ, "ಆಕಿ ಈಗ ಚಲೋ ಅದಾಳ ಮೇಡಂ" ಅಂತ ಖುಷೀಲೆ ಹೇಳಿಬಿಟ್ಟೆ. ನಮ್ಮ ಮಂದಿಗೆ ಇದೊಂದು ರೋಗ ನೋಡ್ರಿ, ಯಾರ ಕೇಳಿದ್ರೂ ಆರಾಮ ಅದೇವಿ ಅನ್ನೂದು. ಮುಂದಿನ ಪ್ಲಾನಿನ್ಯಾಗ ಕೋರ್ ಇಳಿಸಿದ್ರು. ಆ ವರ್ಷನ ರಿಲ್ಯಾಪ್ಸ್ ಆತು, ರೋಗ ಮತ್ತ ಜೋರಾತು. ರೊಕ್ಕ ಆರು ತಿಂಗಳಿಗೆ ಮುಗೀತು, ನಾ ನೌಕರಿಗೆ ರಜಾ ಹಾಕಿ ಕುಂತೆ.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೇನಿ. ಮೂರು ಕಾಲಮ್. ತಾರೀಖು, ಏನು ಆಗಬೇಕಿತ್ತು, ಯಾಕ ಆಗಲಿಲ್ಲ. ವರ್ಕರ್ ಬರಲಿಲ್ಲ ಅಂದ್ರ ಬರೀತೇನಿ. ಆಕಿ ಆರಾಮ ಇದ್ಲು ಅದಕ್ಕ ಬ್ಯಾಡ ಅಂದ್ವಿ ಅಂದ್ರ ಅದನ್ನೂ ಬರೀತೇನಿ, ಸುಳ್ಳು ಯಾಕ. ಮೂರನೇ ಸಭಾದಾಗ ಆ ನೋಟ್‌ಬುಕ್ ಫೋಟೋ ಕಳಿಸಿದೆ, ಜೋಡಿ ನ್ಯೂರಾಲಜಿಸ್ಟ್ ಪತ್ರ, ಈ ರೋಗ ಏರಿಳಿತ ಇರೂದು ಅಂತ. ಉಳಿದ ರೊಕ್ಕ ಬ್ಯಾಡಾದ ರೊಕ್ಕ ಅಲ್ಲ ಅಂತ ಅವರಿಗೆ ತಿಳೀತು. ಈಗ ಮೂರು ತಿಂಗಳ ಕಂತು ಬಂದೈತಲ್ಲ, ಎಲ್ಲಾರೂ ಬೈತಾರ ಅದನ್ನ, ನನಗ ಅರ್ಧ ಉಪಕಾರ ಆತು. ತಂಪಿನ ದಿನದಾಗ ಉಳಿದದ್ದು ಬಿಸಿಲಿನ ದಿನಕ್ಕ ತಾನ ಹೋಗಿ ಕುಂದರ್ತದ. ಆದ್ರ ಮುಂದಿನ ಕಂತಿನ ರೊಕ್ಕ ಈಗ ಬೇಕು ಅಂದ್ರ ಕೊಡಂಗಿಲ್ಲ, ಅದಕ್ಕ ರಿಲ್ಯಾಪ್ಸ್ ವರ್ಷದ ಮೊದಲ ತಿಂಗಳನ್ಯಾಗ ಬಂದ್ರ ಏನು ಮಾಡೂದು ಅನ್ನೂದು ನನಗ ಇನ್ನೂ ತಿಳಿದಿಲ್ಲ.

ಅಕ್ಕಾರ, ನಿಮ್ಮ ಕೋರ್ ಯಾಕ ಉಳೀತು ಅಂತ ನೀವ ಹೇಳೀರಿ. ನಿಮ್ಮ ಅವ್ವಾರು ಇದ್ರು. ಅದನ್ನ ಅಲ್ಲಿ ಹಂಗ ಹೇಳ್ರಿ.

ಪರ್ತ್‌ನಲ್ಲಿ ಸದ್ಯ · ಗುರುವಾರ ಮಧ್ಯಾಹ್ನ 3:00

ನಾನು ತುಮಕೂರಿನವಳು. ಮಗಳ ಮನೆಗೆ ಬಂದಿದೀನಿ, ಆರು ತಿಂಗಳ ವಿಸಿಟರ್ ವೀಸಾ. ಮಗಳೇ ಈ ಚರ್ಚೆ ತೋರಿಸಿದಳು, ಕನ್ನಡ ಟೈಪಿಂಗ್ ಮೊಮ್ಮಗಳು ಹಾಕಿಕೊಟ್ಟಳು. ನಮ್ಮ ಮೊಮ್ಮಗನಿಗೂ ಇದೇ ತೊಂದರೆ, 6 ವರ್ಷ. ನಾನು ಬೆಳಗ್ಗೆ ಐದಕ್ಕೆ ಏಳ್ತೀನಿ, ಅವನಿಗೆ ಸ್ನಾನ, ತಿಂಡಿ, ಅವನು ಒಂದೇ ಥರ ದೋಸೆ ತಿಂತಾನೆ, ಅಂಚು ಸುಟ್ಟಿರಬಾರದು. ಸ್ಕೂಲಿಂದ ಬಂದ ಮೇಲೆ ಪಾರ್ಕಿಗೆ ನಾನೇ. ಸಾಯಂಕಾಲ ಸಿಟ್ಟು ಬಂದು ಕಿರುಚಿದರೆ ಹಿಡ್ಕೊಂಡು ಕೂರೋದೂ ನಾನೇ. ಇದಕ್ಕೆಲ್ಲಾ ಇಲ್ಲಿ ಗಂಟೆಗೆ ರೇಟಿದೆ ಅಂತ ಮೊನ್ನೆ ಗೊತ್ತಾಯ್ತು, 70 ಡಾಲರ್ ಅಂತೆ! ನಾನು ಬಂದ ಮೇಲೆ ವರ್ಕರ್ ಹುಡುಗಿಯನ್ನ ನಿಲ್ಲಿಸಿದರು. ದುಡ್ಡು ಉಳೀತು ಅಂತ ನಮಗೆಲ್ಲಾ ಹೆಮ್ಮೆ. ಈಗ ನೀವು ಹೇಳೋದು ನೋಡಿದರೆ ನಾನು ಬಂದು ತಪ್ಪು ಮಾಡಿದೆ ಅಂತ ಅನ್ನಿಸ್ತಿದೆ.

ಕುಡ್ಲದ ಓಟಿ · ಗುರುವಾರ ರಾತ್ರಿ 8:15

ಅಯ್ಯೋ ಅಮ್ಮ, ದೇವರಾಣೆ ಹಾಗಲ್ಲ. ನೀವು ಬಂದದ್ದರಿಂದ ಆ ಮಗುವಿಗೆ ಆದ ಉಪಕಾರ ನಾನು ನನ್ನ ಕೆಲಸದಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ತಪ್ಪು ಎಲ್ಲಿ ಅಂದರೆ ಅದನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ. ಕಾಗದದಲ್ಲಿ ಕಾಣುವುದು ವರ್ಕರ್ ನಿಲ್ಲಿಸಿದರು, ಮನೆಯವರು ಸುಧಾರಿಸಿಕೊಂಡರು ಅಂತ. ಓದುವವರಿಗೆ ಅರ್ಥ ಆಗುವುದು ಈ ಮನೆಗೆ ಸಹಾಯ ಬೇಡ ಅಂತ. ಅಜ್ಜಿ ಒಬ್ಬರು ವಿಮಾನದಲ್ಲಿ ಬಂದು ಐದು ಗಂಟೆಗೆ ಎದ್ದು ಇದನ್ನೆಲ್ಲ ಮಾಡಿದರು, ಮತ್ತೆ ವೀಸಾ ಮುಗಿದು ಹೋಗುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಇಲ್ಲಿಯವರ ಅಜ್ಜಿಯರು ಭಾನುವಾರ ಒಂದು ಚಾಕಲೇಟ್ ಹಿಡಿದು ಬರುವವರು.

ನೀವು ಇರುವಾಗಲೇ ಒಂದು ವಾರ ನೀವು ಮಾಡಿದ್ದೆಲ್ಲ ಮೊಮ್ಮಗಳ ಹತ್ತಿರ ಬರೆಸಿಡಿ. ಎಷ್ಟು ಗಂಟೆ, ಏನು ಕೆಲಸ. ಕೊನೆಗೆ ನೀವು ವಾಪಸ್ ಹೋಗುವ ತಾರೀಕು. ಇದನ್ನು ಕೇರರ್ ಸ್ಟೇಟ್‌ಮೆಂಟ್, ಅಂದರೆ ನೋಡಿಕೊಳ್ಳುವ ಮನೆಯವರು ಬರೆದುಕೊಡುವ ಹೇಳಿಕೆ, ಅದರ ಜೊತೆ ಹಚ್ಚಬಹುದು. ವರ್ಕರ್ ಹುಡುಗಿಯನ್ನು ಪೂರ್ತಿ ನಿಲ್ಲಿಸಬೇಡಿ, ವಾರಕ್ಕೆ ಎರಡು ಗಂಟೆಯಾದರೂ ಬರಲಿ, ನೀವು ಹೋದ ದಿನ ಮಗುವಿಗೆ ಎರಡೆರಡು ಬದಲಾವಣೆ ಒಟ್ಟಿಗೆ ಆಗುವುದಿಲ್ಲ.

ಸುಮ್ನೆ ಕೇಳ್ದೆ · ಗುರುವಾರ ರಾತ್ರಿ 8:40

ಹಂಗಾದ್ರೆ ಆ 70 ಡಾಲರ್ ಅಜ್ಜಿಗೇ ಕೊಟ್ರೆ ಆಯ್ತಲ್ಲ?

ಲೆಕ್ಕದ ಮನುಷ್ಯ · ಗುರುವಾರ ರಾತ್ರಿ 9:00

ಆಗಲ್ಲ ಸರ್. ಮನೆಯವರಿಗೆ ಕೊಡೋದು ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ, ಅದೂ ಎನ್‌ಡಿಐಎ ಒಪ್ಪಿದ್ರೆ. ಮೇಲಿಂದ ವಿಸಿಟರ್ ವೀಸಾದಲ್ಲಿ ದುಡಿಯೋ ಹಾಗಿಲ್ಲ, ಅಜ್ಜಿಯವರ ವೀಸಾಗೇ ಸಂಚಕಾರ. ನಿಮ್ಮ ಐಡಿಯಾಗಳು ಒಂದಕ್ಕಿಂತ ಒಂದು ಚೆನ್ನಾಗಿದಾವೆ.

ರಾತ್ರಿ ಪಾಳಿ · ಶುಕ್ರವಾರ ಬೆಳಗಿನ ಜಾವ 2:30

ಎಲ್ಲಾ ಓದಿದೆ. ನಾನು 482 ವೀಸಾ, ಕೆಲಸಕ್ಕೆ ಅಂತ ಕೊಡೋ ತಾತ್ಕಾಲಿಕ ವೀಸಾ. ಮಗಳಿಗೆ 4 ವರ್ಷ, ಮಾತು ಬಂದಿಲ್ಲ. ಎನ್‌ಡಿಐಎಸ್‌ಗೆ ಸಿಟಿಜನ್ ಆಗಿರಬೇಕು, ಇಲ್ಲಾ ಪಿಆರ್ ಅಂದ್ರೆ ಕಾಯಂ ವಾಸದ ಅನುಮತಿ ಇರಬೇಕು, ಇಲ್ಲಾ ನ್ಯೂಜಿಲೆಂಡಿನವರ ಆ ವಿಶೇಷ ವೀಸಾ ಇರಬೇಕು, ನಮಗೆ ಅರ್ಜಿ ಹಾಕೋ ಬಾಗಿಲೇ ಇಲ್ಲ. ಪಿಆರ್‌ಗೆ ಮೆಡಿಕಲ್‌ನಲ್ಲಿ ಮಗಳ ವಿಷಯಕ್ಕೆ ತೊಂದರೆ ಆಗುತ್ತೇನೋ ಅಂತ ಭಯ, ಡಾಕ್ಟರ್ ಹತ್ರ ಹೋಗೋಕೂ ಹಿಂಜರಿಕೆ. ನಿಮಗೆ ಉಳಿದಿದ್ದನ್ನ ಏನ್ ಮಾಡೋದು ಅನ್ನೋ ಚಿಂತೆ. ಬೇಜಾರ್ ಮಾಡ್ಕೋಬೇಡಿ, ಹೊಟ್ಟೆಕಿಚ್ಚಲ್ಲ, ಸುಮ್ನೆ ಹೇಳ್ಕೊಳ್ಳೋಣ ಅನ್ನಿಸ್ತು.

ಟಾರ್ನೀಟ್ ಅಮ್ಮ · ಶುಕ್ರವಾರ ಬೆಳಗ್ಗೆ 7:10

ಬೇಜಾರಿಲ್ಲ ಅಣ್ಣ. ನಾವೂ ಮೂರು ವರ್ಷ ಹಂಗೇ ಕಾದಿದ್ವಿ. ಡಾಕ್ಟರ್ ಹತ್ರ ಹೋಗೋದನ್ನ ಮಾತ್ರ ಮುಂದೂಡ್ಬೇಡಿ, ವೀಸಾ ವಿಷಯ ಒಬ್ಬ ರಿಜಿಸ್ಟರ್ಡ್ ಮೈಗ್ರೇಶನ್ ಏಜೆಂಟ್ ಹತ್ರ ಬೇರೆಯಾಗಿ ಕೇಳಿ. ಪ್ರೈವೇಟ್ ಮೆಸೇಜ್ ಹಾಕಿದೀನಿ, ನೋಡಿ. ಮನೇಲಿ ಮಾಡೋಕೆ ಆಯಿಶ್‌ನವರು ಕೊಟ್ಟ ಕಾಗದಗಳಿವೆ, ಸ್ಕ್ಯಾನ್ ಮಾಡಿ ಕಳಿಸ್ತೀನಿ.

ಹುಬ್ಬಳ್ಳಿಯಿಂದ ಬ್ಲ್ಯಾಕ್‌ಟೌನಿಗೆ · ಶುಕ್ರವಾರ ರಾತ್ರಿ 7:30

ಒಂದು ಮಾತು ಬಿಟ್ಟಿದ್ದೆ. ಕೆಲವ್ರು ಸರ್ಕಾರದ ರೊಕ್ಕ ಅಂತಾರ, ಕೆಲವ್ರು ಭಿಕ್ಷಾ ಅನ್ನೋ ಹಂಗ ನಾಚ್ಕೋತಾರ. 2014ರ ಜುಲೈದಾಗ ಮೆಡಿಕೇರ್ ಲೆವಿ, ಅಂದ್ರ ಆದಾಯದ ಮ್ಯಾಲಿನ ಒಂದು ತೆರಿಗಿ, 1.5ರಿಂದ ಶೇಕಡಾ 2 ಮಾಡಿದ್ದ ಇದರ ಸಲುವಾಗಿ. ನನ್ನ ಪಗಾರದಾಗೂ ಹಿಡೀತಾರ. ಇನ್ಶೂರೆನ್ಸ್ ಐತ್ರಿ ಇದು, ಹೆಸರಿನ್ಯಾಗ ಐತಿ. ಕಾರಿನ ಇನ್ಶೂರೆನ್ಸ್ ಕಟ್ಟೇನಿ ಅಂತ ವರ್ಷದ ಕೊನೀಗೆ ಯಾರರ ಗ್ವಾಡಿಗೆ ಗುದ್ದಿ ಬರ್ತಾರೇನು?

ಸುಮ್ನೆ ಕೇಳ್ದೆ · ಶುಕ್ರವಾರ ರಾತ್ರಿ 7:50

ಸರಿ ಸರಿ, ಗುದ್ದಲ್ಲ. ಸೀರಿಯಸ್ಸಾಗೇ ಒಂದು ಪ್ರಶ್ನೆ. ಪ್ಲಾನ್ ಮುಗಿಯೋ ದಿನದೊಳಗೆ ಹೊಸದು ಬರ್ಲಿಲ್ಲಾಂದ್ರೆ ಥೆರಪಿ ನಿಂತೋಗುತ್ತಾ? ಕೊನೇ ವಾರದ ಬಿಲ್ ಲೇಟಾಗಿ ಬಂದ್ರೆ? ನನ್ನ ತಂಗಿ ಮಗಳದ್ದೂ ಜೂನ್‌ಗೆ ಮುಗಿಯುತ್ತೆ, ಅದಕ್ಕೇ ಕೇಳ್ತಿರೋದು.

ಲೆಕ್ಕದ ಮನುಷ್ಯ · ಶುಕ್ರವಾರ ರಾತ್ರಿ 8:30

ಇದು ಒಳ್ಳೆ ಪ್ರಶ್ನೆ. ನಿಲ್ಲಲ್ಲ, ಹೊಸ ಪ್ಲಾನ್ ಬರೋವರೆಗೆ ಹಳೇದು ಮುಂದುವರಿಯುತ್ತೆ. ಹಾಗಾಗಿ ಕೊನೇ ದಿನಾಂಕವನ್ನ ಹಾಲಿನ ಪ್ಯಾಕೆಟ್ ಮೇಲಿನ ಡೇಟ್ ಥರ ನೋಡ್ಬೇಡಿ. ಬಿಲ್ ವಿಷಯಕ್ಕೆ, ಸೇವೆ ಯಾವತ್ತು ಸಿಕ್ತು ಅನ್ನೋದು ಮುಖ್ಯ, ಬಿಲ್ ಯಾವತ್ತು ಬಂತು ಅನ್ನೋದಲ್ಲ. ಹಳೇ ಪ್ಲಾನ್ ಅವಧಿಯಲ್ಲಿ ಸೇವೆ ಆಗಿದ್ರೆ ಆ ಪ್ಲಾನ್‌ನಿಂದ್ಲೇ ಕ್ಲೇಮ್, ಸೇವೆ ಆದ ದಿನದಿಂದ 2 ವರ್ಷದೊಳಗೆ. ಆದ್ರೂ ಪ್ರೊವೈಡರ್‌ಗಳಿಗೆ ಕೊನೇ ತಿಂಗಳಲ್ಲೇ ಬಿಲ್ ಕಳಿಸಿ ಅಂತ ಹೇಳಿ, ಬಿಲ್ ಬರದೇ ಇರೋದ್ರಿಂದ ಸ್ಟೇಟ್‌ಮೆಂಟ್‌ನಲ್ಲಿ ಉಳಿಕೆ ಇರೋದಕ್ಕಿಂತ ಜಾಸ್ತಿ ಕಾಣುತ್ತೆ. ನಾನು ಕೆಲಸದಲ್ಲಿದ್ದಾಗ ಒಬ್ರಿಗೆ 3,000 ಉಳಿದಿದೆ ಅಂತ ಹೇಳಿದ್ವಿ, ಆಮೇಲೆ ನೋಡಿದ್ರೆ ಫಿಸಿಯೋ ಐದು ತಿಂಗಳಿಂದ ಬಿಲ್ಲೇ ಕಳಿಸಿರಲಿಲ್ಲ.

ಕಟ್ ಮಾಡ್ತಾರಾ ಅನ್ನೋದಕ್ಕೆ ನಾನು ಉತ್ತರ ಕೊಡದೇ ತಪ್ಪಿಸ್ಕೊಂಡಿದ್ದೆ, ಈಗ ಹೇಳ್ತೀನಿ. ಉಳಿಸಿದ್ರೆ ಕಟ್ ಅಂತ ರೂಲ್ ಇಲ್ಲ. ಕಾನೂನಿನ ಸೆಕ್ಷನ್ 34ರಲ್ಲಿರೋ ಅಳತೆ ರೀಸನಬಲ್ ಅಂಡ್ ನೆಸೆಸರಿ, ಅಂದ್ರೆ ಈ ಅಂಗವಿಕಲತೆಗೆ ಇದು ಬೇಕಾ, ಸಮಂಜಸವಾ ಅಂತ. ಆದ್ರೆ ಬಳಕೆ ನೋಡೇ ನೋಡ್ತಾರೆ, ಪ್ರಶ್ನೆ ಬಂದೇ ಬರುತ್ತೆ. ಕಾರಣ ನೀವು ಹೇಳದೇ ಇದ್ರೆ ಅವ್ರೇ ಒಂದು ಕಾರಣ ಊಹಿಸ್ಕೊಳ್ತಾರೆ, ಆ ಊಹೆ ಯಾವತ್ತೂ ನಮ್ಮ ಪರ ಇರಲ್ಲ. ಇಂಗ್ಲಿಷಲ್ಲಿ ತಡವರಿಸೋರು ದುಭಾಷಿ ಕೇಳಿ, 131 450ಕ್ಕೆ ಫೋನ್ ಮಾಡಿದ್ರೆ ಟಿಐಎಸ್ ಅನ್ನೋ ದುಭಾಷಿ ಸೇವೆಯವರು ಎನ್‌ಡಿಐಎಗೆ ಕನೆಕ್ಟ್ ಮಾಡ್ತಾರೆ, ನಿಮಗೆ ಖರ್ಚಿಲ್ಲ. ಇಂಗ್ಲಿಷ್ ಬರುತ್ತೆ ಅನ್ನೋ ಸಾಫ್ಟ್‌ವೇರ್‌ನೋರೂ ಮಗು ವಿಷಯ ಬಂದಾಗ ಬರೀ ಯೆಸ್ ಯೆಸ್ ಅಂದು ಫೋನ್ ಇಡೋದನ್ನ ನೋಡಿದೀನಿ.

ಟಾರ್ನೀಟ್ ಅಮ್ಮ · ಭಾನುವಾರ ರಾತ್ರಿ 11:00

ಒಂದು ಪುಟ ಬರೆದೆ, ಇಂಗ್ಲಿಷಲ್ಲಿ. ಸಾರಾಂಶ ಇಷ್ಟು: ಆಗಸ್ಟ್‌ನಿಂದ ಡಿಸೆಂಬರ್ ಥೆರಪಿಸ್ಟ್ ಇರಲಿಲ್ಲ, ವೇಟಿಂಗ್ ಲಿಸ್ಟ್ ಇಮೇಲ್‌ಗಳು ಇಲ್ಲಿವೆ. ಜೂನ್‌ನಿಂದ ಡಿಸೆಂಬರ್ ನಮ್ಮಮ್ಮ ವಾರಕ್ಕೆ ಸುಮಾರು 25 ಗಂಟೆ ಇವನನ್ನ ನೋಡ್ಕೊಂಡ್ರು, ಈಗ ಅವ್ರಿಲ್ಲ, ಮುಂದಿನ ವರ್ಷ ಬರಲ್ಲ, ಅಪ್ಪನ ಜೊತೆ ಇರ್ಬೇಕು. ಡಿಸೆಂಬರ್‌ನಿಂದ 8 ವಾರ ಇಂಡಿಯಾದಲ್ಲಿದ್ವಿ, ತಿಳಿಸದೇ ಇದ್ದಿದ್ದು ನಮ್ಮ ತಪ್ಪು. ಫೆಬ್ರವರಿಯಿಂದ ನಾನು ಕೆಲಸ ವಾರಕ್ಕೆ ಮೂರು ದಿನಕ್ಕೆ ಇಳಿಸಿದೀನಿ.

ಅಮ್ಮನ 25 ಗಂಟೆ ಅಂತ ಟೈಪ್ ಮಾಡುವಾಗ ಅಳು ಬಂತು. ನಾನು ಯಾವತ್ತೂ ಲೆಕ್ಕ ಹಾಕಿರಲೇ ಇಲ್ಲ.

ಕುಡ್ಲದ ಓಟಿ · ಸೋಮವಾರ ಮಧ್ಯಾಹ್ನ 1:05

ಚೆನ್ನಾಗಿ ಬರೆದಿದ್ದೀರಿ ಅಕ್ಕ. ಕೋರ್ ಮಾತ್ರ ಇವತ್ತಿನಿಂದಲೇ ಶುರು ಮಾಡಿ. ಹೊಸ ಪ್ಲಾನಲ್ಲಿ ವರ್ಕರ್ ಬೇಕು ಅಂತ ಕೇಳುವಾಗ ಈ 10 ವಾರದಲ್ಲಾದರೂ ಇಟ್ಟುಕೊಂಡದ್ದು ಕಾಣಬೇಕು. ಖರ್ಚು ಮಾಡಲಿಕ್ಕಲ್ಲ, ನಿಮಗೆ ನಿಜವಾಗಿ ಬೇಕಾಗಿರುವುದಕ್ಕೆ.

ಟಾರ್ನೀಟ್ ಅಮ್ಮ · ಏಳು ವಾರದ ನಂತರ, ಶನಿವಾರ ಸಂಜೆ 6:20

ಏನಾಯ್ತು ಅಂತ ಕೆಲವ್ರು ಕೇಳಿದ್ರಿ, ಅದಕ್ಕೆ ಬಂದೆ. ಸಭೆ ಫೋನಲ್ಲೇ ಆಯ್ತು, 50 ನಿಮಿಷ. ಯಾಕೆ ಉಳೀತು ಅಂತ ಕೇಳೇ ಕೇಳಿದ್ರು, ನಾನು ಆ ಪುಟ ನೋಡ್ಕೊಂಡು ಓದಿದೆ. ನಿನ್ನೆ ಹೊಸ ಪ್ಲಾನ್ ಬಂತು. ಕೋರ್ ಹಿಂದಿನಷ್ಟೇ ಇದೆ, ಮುಟ್ಟಿಲ್ಲ! ಥೆರಪಿ 80ರಿಂದ 66 ಗಂಟೆಗೆ ಇಳಿಸಿದಾರೆ. ಹಳೇದ್ರಲ್ಲಿ ಕೊನೆಗೆ ರಿಪೋರ್ಟ್ ಎಲ್ಲಾ ಸೇರಿ 23 ಗಂಟೆ ಬಳಸಿದ್ವಿ, 25 ಹೋಯ್ತು. ಈಗ ಈ 14 ಗಂಟೆಗೆ ರಿವ್ಯೂ ಕೇಳ್ಬೇಕಾ ಬಿಡ್ಬೇಕಾ?

ಲೆಕ್ಕದ ಮನುಷ್ಯ · ಶನಿವಾರ ರಾತ್ರಿ 8:00

ನಿರ್ಧಾರ ಕೈಗೆ ಬಂದ ದಿನದಿಂದ 3 ತಿಂಗಳು ಟೈಮಿದೆ ಇಂಟರ್ನಲ್ ರಿವ್ಯೂಗೆ, ಅಂದ್ರೆ ಎನ್‌ಡಿಐಎನೋರೇ ನಿರ್ಧಾರವನ್ನ ಮತ್ತೆ ನೋಡೋದಕ್ಕೆ. ಮೊದಲು ಯಾಕೆ ಇಳಿಸಿದ್ರು ಅಂತ ಕಾರಣ ಬರಹದಲ್ಲಿ ಕೇಳಿ. ರಿವ್ಯೂ ಕೇಳಿದ್ರೆ ಇಡೀ ಪ್ಲಾನ್ ಮತ್ತೆ ತಿರುವಿ ನೋಡಬಹುದು, ಕೋರ್ ಚೆನ್ನಾಗಿ ಬಂದಿದೆ, ನಾನಾಗಿದ್ರೆ ಸುಮ್ನಿರ್ತಿದ್ದೆ.

ಹುಬ್ಬಳ್ಳಿಯಿಂದ ಬ್ಲ್ಯಾಕ್‌ಟೌನಿಗೆ · ಶನಿವಾರ ರಾತ್ರಿ 8:25

ನಾ ಒಪ್ಪಂಗಿಲ್ರಿ ಸರ್. ಹುಡುಗಗ ಈಗ ಮಾತು ಬರಾಕ ಹತ್ತೇದ, ಈಗ 14 ತಾಸು ಕಡಿಮಿ ಅಂದ್ರ ಹೆಂಗ. ಥೆರಪಿಸ್ಟ್ ಕಡೆ ಒಂದು ಪತ್ರ ತಗೊಂಡು ಕೇಳ್ರಿ ಅಕ್ಕಾರ, ಬ್ಯಾಡ ಅಂದ್ರ ಬ್ಯಾಡ ಅಂತಾರ.

ಕುಡ್ಲದ ಓಟಿ · ಭಾನುವಾರ ಬೆಳಗ್ಗೆ 9:10

ಎರಡು ತಿಂಗಳು ನೋಡಿ ಅಕ್ಕ. ವಾರಕ್ಕೆ ಎಷ್ಟು ಬೇಕಾಗುತ್ತದೆ ಅಂತ ನಿಜ ಲೆಕ್ಕ ಸಿಗುತ್ತದೆ, 3 ತಿಂಗಳ ಗಡುವೂ ತಪ್ಪುವುದಿಲ್ಲ. ಕ್ಯಾಲೆಂಡರಲ್ಲಿ ಈಗಲೇ ತಾರೀಕು ಹಾಕಿಡಿ.

ಟಾರ್ನೀಟ್ ಅಮ್ಮ · ಭಾನುವಾರ ಮಧ್ಯಾಹ್ನ 12:30

ಹಾಕಿದೆ. ಕಾರಣ ಕೇಳಿ ಇಮೇಲೂ ಕಳಿಸಿದೆ.

ವರ್ಕರ್ ಸಿಕ್ಕಿದಾನೆ, ನೇಪಾಳದ ಹುಡುಗ, ನರ್ಸಿಂಗ್ ಓದ್ತಿದಾನೆ. ಪ್ರತಿ ಗುರುವಾರ ಸ್ಕೂಲ್ ಬಿಟ್ಟ ಮೇಲೆ ಎರಡು ಗಂಟೆ. ಇವನಿಗೆ ರೈಲು ಅಂದ್ರೆ ಪ್ರಾಣ, ಟಾರ್ನೀಟ್‌ನಲ್ಲಿ ಹತ್ತಿ ವಿಂಡಮ್ ವೇಲ್‌ಗೆ ಹೋಗ್ತಾರೆ, ಅಲ್ಲಿ ಪ್ಲಾಟ್‌ಫಾರಂ ಮೇಲೆ ಕೂತು ರೈಲು ನೋಡ್ತಾರೆ, ವಾಪಸ್ ಬರ್ತಾರೆ, ಅಷ್ಟೇ ಪ್ರೋಗ್ರಾಂ. ಮೊದಲನೇ ಗುರುವಾರ ನಾನು ಮನೇಲಿ ಏನ್ ಮಾಡ್ಬೇಕು ಅಂತ ಗೊತ್ತಾಗ್ದೆ ಎರಡು ಸಲ ಕಾಫಿ ಮಾಡ್ಕೊಂಡೆ. ಸ್ಟೇಟ್‌ಮೆಂಟ್‌ನಲ್ಲಿ ಸಪೋರ್ಟ್ ವರ್ಕರ್ ಅಂತ ಸಾಲು ಬಂತು, 140.46. ಸ್ಕ್ರೀನ್‌ಶಾಟ್ ಅಮ್ಮನಿಗೆ ಕಳಿಸ್ದೆ, ರೂಪಾಯಿಗೆ ಲೆಕ್ಕ ಹಾಕಿ ಫೋನ್ ಮಾಡಿ ಬೈದ್ರು, ರೈಲು ತೋರಿಸೋಕೆ ಇಷ್ಟಾ, ನಾನಿದ್ದಾಗ ಹೇಳಿದ್ರೆ ದಿನಾ ಕರ್ಕೊಂಡು ಹೋಗ್ತಿದ್ದೆ ಅಂತ.